ಹಿಂಗಾರಿ ಹೊಲದಲ್ಲಿ ಎಲೆಯ ನೀರು ಅಳೆಯುವುದು: ತಕ್ಕಡಿಯಿಂದ ಆರ್‌ಎನ್‌ಎ ಪೊಟ್ಟಣದವರೆಗೆ

ಬರ ಸಹಿಷ್ಣುತೆಯ ಮೇಲೆ ಬರುವ ಪ್ರಯೋಗ ವರದಿಗಳಲ್ಲಿ ಒಂದು ಸಾಲು ಮತ್ತೆ ಮತ್ತೆ ಕಾಣುತ್ತದೆ: "ಹತ್ತು ದಿನ ನೀರು ನಿಲ್ಲಿಸಿ ಎಲೆ ಸಂಗ್ರಹಿಸಲಾಯಿತು." ಆ ಹತ್ತು ದಿನದಲ್ಲಿ ಗಿಡ ಎಷ್ಟು ಬಳಲಿತು ಎಂಬುದು ಆ ಸಾಲಿನಿಂದ ತಿಳಿಯುವುದಿಲ್ಲ. ಮಸಾರಿ ಮಣ್ಣು ತುಂಬಿದ ಕುಂಡದಲ್ಲಿ ಐದಾರು ದಿನಕ್ಕೇ ಎಲೆ ಜೋತು ಬೀಳುತ್ತದೆ. ಅಣ್ಣಿಗೇರಿ, ನವಲಗುಂದ, ರೋಣದ ಕಡೆಯ ಆಳವಾದ ಎರಿ ಹೊಲದಲ್ಲಿ ಮೂರು ವಾರ ಹನಿ ಮಳೆ ಬೀಳದಿದ್ದರೂ ಹಿಂಗಾರಿ ಜೋಳ ನಡು ಮಧ್ಯಾಹ್ನದಲ್ಲೂ ಎಲೆ ಬಿಚ್ಚಿಕೊಂಡೇ ನಿಂತಿರುತ್ತದೆ. ಮಣ್ಣಿನ ತೇವಾಂಶವೊಂದನ್ನೇ ಅಳೆದರೂ ಇದೇ ಗೊಂದಲ. ಜೇಡಿ ಹೆಚ್ಚಿರುವ ಎರಿ ಮಣ್ಣು ತನ್ನ ತೂಕದ ಶೇ. 20ರಷ್ಟು ನೀರನ್ನು ಹಿಡಿದಿಟ್ಟುಕೊಂಡೂ ಬೇರಿಗೆ ಬಿಟ್ಟುಕೊಡದೇ ಇರಬಹುದು. ಅದೇ ಶೇ. 20 ಮರಳುಮಿಶ್ರಿತ ಮಸಾರಿಯಲ್ಲಿದ್ದರೆ ಬೆಳೆ ಹಾಯಾಗಿರುತ್ತದೆ.

ಆದ್ದರಿಂದ ಬರವನ್ನು ಅಳೆಯಬೇಕಾದದ್ದು ಎಲೆಯಲ್ಲಿ. ಆರ್‌ಎನ್‌ಎ ಅಳೆದು ಜೀನ್ ಅಭಿವ್ಯಕ್ತಿ, ಅಂದರೆ ಯಾವ ಜೀನ್ ಎಷ್ಟು ಕೆಲಸ ಮಾಡುತ್ತಿದೆ ಎಂದು ನೋಡುವವರಾಗಲಿ, ತಳಿ ಹೋಲಿಸುವವರಾಗಲಿ, ಗದಗಿನ ಡಿಗ್ರಿ ಕಾಲೇಜಿನಲ್ಲಿ ಸಸ್ಯಶಾಸ್ತ್ರದ ಪ್ರಾಜೆಕ್ಟ್ ಮಾಡಿಸುವವರಾಗಲಿ, ಮೊದಲು ಕೈಗೂಡಿಸಿಕೊಳ್ಳಬೇಕಾದ ಅಳತೆ ಸಾಪೇಕ್ಷ ಜಲಾಂಶ. ಲ್ಯಾಬಿನ ಮಾತಿನಲ್ಲಿ ಇದು ಆರ್‌ಡಬ್ಲ್ಯೂಸಿ. ಎಲೆ ಎಷ್ಟು ನೀರು ಹಿಡಿಯಬಲ್ಲದೋ ಅದರಲ್ಲಿ ಈಗ ನೂರಕ್ಕೆ ಎಷ್ಟು ಉಳಿದಿದೆ ಎಂದು ಅದು ಹೇಳುತ್ತದೆ. ಅದಕ್ಕೆ ಒಂದೇ ಎಲೆಯನ್ನು ಮೂರು ಸಲ ತೂಗಬೇಕು: ಕಿತ್ತಾಗಿನ ಹಸಿ ತೂಕ, ನೀರು ಕುಡಿಸಿದ ಮೇಲಿನ ತುಂಬು ತೂಕ, ಓವನ್‌ನಲ್ಲಿ ಒಣಗಿಸಿದ ಮೇಲಿನ ಒಣ ತೂಕ. ಬಾರ್ಸ್ ಮತ್ತು ವೆದರ್ಲಿ 1962ರಲ್ಲಿ ಇದರ ವಿಧಾನವನ್ನು ಪರಿಶೀಲಿಸಿ ಬರೆದ ಪ್ರಬಂಧವನ್ನೇ ಇಂದಿಗೂ ಎಲ್ಲರೂ ಆಧಾರವಾಗಿ ಇಟ್ಟುಕೊಳ್ಳುತ್ತಾರೆ. ಖರ್ಚು ಕಡಿಮೆ, ಲೆಕ್ಕ ಸುಲಭ. ಕೆಡುವುದೂ ಅಷ್ಟೇ ಸುಲಭ, ಅದಕ್ಕೇ ಇಷ್ಟು ವಿವರ.

ಏನೇನು ಬೇಕು

ಒಂದು ಮಿಲಿಗ್ರಾಂವರೆಗೆ, ಅಂದರೆ 0.001 ಗ್ರಾಂವರೆಗೆ ತೋರಿಸುವ ತಕ್ಕಡಿ ಬೇಕು. 0.01 ಗ್ರಾಂ ತೋರಿಸುವುದು ಸಾಲದು. ಕಾರಣವನ್ನು ಮುಂದೆ ಲೆಕ್ಕ ಹಾಕಿಯೇ ತೋರಿಸಲಾಗಿದೆ. ಹೊಲದಲ್ಲಿ ಗಾಳಿಗೆ ಅಂಕಿ ನಿಲ್ಲುವುದಿಲ್ಲ, ಹಾಗಾಗಿ ತಕ್ಕಡಿಯನ್ನು ರಟ್ಟಿನ ಡಬ್ಬಿಯೊಳಗೆ ಸಮತಟ್ಟಾದ ಹಲಗೆಯ ಮೇಲೆ ಇಡಿ. ಮುಚ್ಚಳ ಭದ್ರವಾಗಿ ತಿರುಗುವ 15 ಮಿ.ಲೀ. ಪ್ಲಾಸ್ಟಿಕ್ ಟ್ಯೂಬುಗಳು, ಹೊಸ ಬ್ಲೇಡ್, ಪೆಟ್ರಿ ತಟ್ಟೆ ಅಥವಾ ಮುಚ್ಚಳವಿರುವ ಚಿಕ್ಕ ಡಬ್ಬಿ, ಟಿಶ್ಯೂ ಪೇಪರ್, ಕಾಗದದ ಪೊಟ್ಟಣ, 70 ಡಿಗ್ರಿ ಸ್ಥಿರವಾಗಿ ನಿಲ್ಲಿಸುವ ಓವನ್, ಸಿಲಿಕಾ ಜೆಲ್ ಹಾಕಿದ ಗಾಳಿಯಾಡದ ಡಬ್ಬಿ. ನೀರು ಡಿಸ್ಟಿಲ್ಡ್ ಆಗಿರಬೇಕು. ಕಾಲೇಜಿನಲ್ಲಿ ಇಲ್ಲದಿದ್ದರೆ ಇನ್ವರ್ಟರ್ ಬ್ಯಾಟರಿಗೆ ಹಾಕಲು ಅಂಗಡಿಯಲ್ಲಿ ಸಿಗುವ ನೀರು ನಡೆಯುತ್ತದೆ. ಅದೇ ಅಂಗಡಿಯಲ್ಲಿ ಬ್ಯಾಟರಿ ಆ್ಯಸಿಡ್ ಕೂಡ ಅಂಥದೇ ಕ್ಯಾನಿನಲ್ಲಿ ಇರುತ್ತದೆ, ಚೀಟಿ ಓದಿಯೇ ತನ್ನಿ. ಬೋರ್‌ವೆಲ್ ನೀರು ಬೇಡ. ಅದರಲ್ಲಿ ಕರಗಿರುವ ಲವಣ ಎಲೆ ನೀರು ಕುಡಿಯುವ ಬಲವನ್ನೇ ಬದಲಿಸುತ್ತದೆ.

ಟ್ಯೂಬುಗಳಿಗೆ ಹಿಂದಿನ ದಿನವೇ ಸಂಖ್ಯೆ ಬರೆದು, ಒಣಗಿಸಿ, ಮುಚ್ಚಳ ಸಮೇತ ತೂಗಿ, ಆ ತೂಕವನ್ನು ವಹಿಯಲ್ಲಿ ಬರೆದುಕೊಳ್ಳಿ. ಹೊಲದಲ್ಲಿ ಈ ಕೆಲಸಕ್ಕೆ ಸಮಯ ಸಿಗುವುದಿಲ್ಲ.

ಯಾವ ಎಲೆ, ಎಷ್ಟು ಗಂಟೆಗೆ

ಜೋಳದಲ್ಲಿ ಮೇಲಿನಿಂದ ಮೂರನೆಯ, ಪೂರ್ತಿ ಬಿಚ್ಚಿದ ಎಲೆ ತೆಗೆದುಕೊಳ್ಳಿ. ತೆನೆ ಹೊರಬಿದ್ದ ಮೇಲಾದರೆ ತೆನೆಯ ಬುಡದ ಎಲೆಯನ್ನು ಒಂದು ಎಂದು ಎಣಿಸಿ ಕೆಳಗೆ ಬನ್ನಿ. ಸುಳಿಯ ಎಲೆ ಇನ್ನೂ ಬೆಳೆಯುತ್ತಿರುತ್ತದೆ, ನೀರಿನಲ್ಲಿಟ್ಟರೆ ಉದ್ದವಾಗಿ ಹೆಚ್ಚು ನೀರು ಕುಡಿಯುತ್ತದೆ. ಕೆಳಗಿನ ಎಲೆ ಮುದಿಯಾಗಿರುತ್ತದೆ. ಒಂದು ತಳಿಯಲ್ಲಿ ಮೂರನೆಯದು, ಇನ್ನೊಂದರಲ್ಲಿ ಐದನೆಯದು ಕಿತ್ತರೆ ತಳಿಯ ವ್ಯತ್ಯಾಸವೂ ಎಲೆಯ ವಯಸ್ಸಿನ ವ್ಯತ್ಯಾಸವೂ ಕಲಸಿ ಹೋಗುತ್ತವೆ, ಆಮೇಲೆ ಯಾವ ಅಂಕಿಅಂಶ ಶಾಸ್ತ್ರವೂ ಅವನ್ನು ಬಿಡಿಸಿಕೊಡುವುದಿಲ್ಲ.

ಎಲೆಯ ನಡುಭಾಗದಿಂದ 5-6 ಸೆಂ.ಮೀ. ಉದ್ದದ ತುಂಡು ಕತ್ತರಿಸಿ, ನಡುನರವನ್ನು ಬಿಟ್ಟು ಒಂದು ಪಕ್ಕದ ಹಾಳೆಯನ್ನು ತೆಗೆದುಕೊಳ್ಳಿ. ನಡುನರದ ಒಳಗೆ ಬೆಂಡಿನಂಥ ಭಾಗವಿರುತ್ತದೆ, ಅದು ಸ್ಪಂಜಿನಂತೆ ನೀರು ಹೀರಿ ಲೆಕ್ಕ ಕೆಡಿಸುತ್ತದೆ. ಎದುರು ಪಕ್ಕದ ಹಾಳೆ ಆರ್‌ಎನ್‌ಎಗೆ ಬೇಕಾಗುತ್ತದೆ, ಅದರ ಮಾತು ಮುಂದೆ ಬರುತ್ತದೆ.

ಕಡಲೆಯಲ್ಲಿ ಒಂಟಿ ಎಲೆಗಳನ್ನು ಬಿಡಿಸಲು ಹೋಗಬೇಡಿ. ತುದಿಯಿಂದ ಮೂರು ಅಥವಾ ನಾಲ್ಕನೆಯ ಇಡೀ ಸಂಯುಕ್ತ ಎಲೆಯನ್ನು ತೊಟ್ಟಿನ ಸಮೇತ ಕತ್ತರಿಸಿ, ಒಂದು ಟ್ಯೂಬಿಗೆ ಮೂರ್ನಾಲ್ಕು ಎಲೆ ಹಾಕಿ. ಕಡಲೆಗೆ ಒಂದು ವಿಶೇಷ ತೊಂದರೆ ಇದೆ. ಅದರ ಸಣ್ಣ ರೋಮಗಳು ಮ್ಯಾಲಿಕ್ ಮತ್ತು ಆಕ್ಸಾಲಿಕ್ ಆಮ್ಲ ಸುರಿಸುತ್ತವೆ. ನಸುಕಿನಲ್ಲಿ ಹೊಲದ ಮೇಲೆ ಬಟ್ಟೆ ಹಾಸಿ, ಇಬ್ಬನಿಯೊಂದಿಗೆ ಹಿಂಡಿ ತೆಗೆಯುವ ಹುಳಿ ಇದೇ. ಈ ಹುಳಿ ಎಲೆಯ ಮೇಲಿದ್ದರೆ ಹಸಿ ತೂಕಕ್ಕೆ ಸೇರುತ್ತದೆ, ನೀರಿನಲ್ಲಿ ತೊಳೆದು ಹೋಗುತ್ತದೆ, ಒಣ ತೂಕದಲ್ಲಿ ಇರುವುದಿಲ್ಲ. ಮೂರು ತೂಕಗಳೂ ಒಂದಕ್ಕೊಂದು ಹೊಂದದಂತಾಗುತ್ತವೆ. ಇಬ್ಬನಿ ಆರಿದ ಮೇಲೆಯೇ ಕಡಲೆಯ ಎಲೆ ತೆಗೆಯಿರಿ, ಒದ್ದೆ ಇದ್ದರೆ ಒರೆಸಿ ತೆಗೆಯುವ ಬದಲು ಕಾಯುವುದೇ ಮೇಲು.

ಹಾವೇರಿ, ಬ್ಯಾಡಗಿ ಕಡೆ ಮೆಣಸಿನಕಾಯಿಯಲ್ಲಿ ಮಾಡುವವರು ಪಂಚ್‌ನಿಂದ ಬಿಲ್ಲೆ ಕತ್ತರಿಸುವ ಅಭ್ಯಾಸ ಬಿಡುವುದು ಒಳ್ಳೆಯದು. ಮೆಣಸಿನ ಎಲೆ ತೆಳು. ಚಿಕ್ಕ ಬಿಲ್ಲೆಯಲ್ಲಿ ಒಟ್ಟು ವಿಸ್ತೀರ್ಣಕ್ಕೆ ಹೋಲಿಸಿದರೆ ಕೊಯ್ದ ಅಂಚು ಬಹಳ, ಆ ಅಂಚಿನಿಂದ ನೀರು ಕೋಶಗಳ ನಡುವಿನ ಗಾಳಿ ಜಾಗಕ್ಕೆ ನುಗ್ಗುತ್ತದೆ. ಅದು ಕೋಶ ಕುಡಿದ ನೀರಲ್ಲ, ತಕ್ಕಡಿಗೆ ಮಾತ್ರ ಆ ಭೇದ ಗೊತ್ತಾಗುವುದಿಲ್ಲ. ಇಡೀ ಎಲೆಯನ್ನು ತೊಟ್ಟು ಮಾತ್ರ ಮುಳುಗುವಂತೆ ನಿಲ್ಲಿಸಿ. ಹತ್ತಿಯ ಎಲೆ ದೊಡ್ಡದು. ಅಲ್ಲಿ ಬಿಲ್ಲೆ ಅನಿವಾರ್ಯವಾದರೆ 1 ಸೆಂ.ಮೀ.ಗಿಂತ ಚಿಕ್ಕದು ಬೇಡ.

ಸಮಯದ ವಿಷಯದಲ್ಲಿ ಸಡಿಲ ಬಿಡಬಾರದು. ಬೆಳಗಾಗುವ ಮುನ್ನ ತೆಗೆದರೆ ರಾತ್ರಿಯಿಡೀ ಬೇರು ಎಳೆದುಕೊಂಡ ನೀರಿನ ಲೆಕ್ಕ ಸಿಗುತ್ತದೆ, ಅಂದರೆ ಅದು ಮಣ್ಣಿನ ಸ್ಥಿತಿಗೆ ಹತ್ತಿರ. 11:30ರಿಂದ 1:30ರ ನಡುವೆ ತೆಗೆದರೆ ಬಿಸಿಲಿನ ಬೇಡಿಕೆಯನ್ನು ಗಿಡ ಹೇಗೆ ತಡೆಯಿತು ಎಂಬುದು ಸಿಗುತ್ತದೆ. ಎರಡಕ್ಕೂ ಬೆಲೆ ಇದೆ, ಎರಡನ್ನೂ ಬೆರೆಸಿದರೆ ಎರಡೂ ಹಾಳು. ಅತಿ ಹೆಚ್ಚು ಕಾಣುವ ತಪ್ಪು ಒಂದಿದೆ: ನೀರು ಕೊಟ್ಟ ಸಾಲುಗಳನ್ನೆಲ್ಲ ಮೊದಲು ಮುಗಿಸಿ, ಒಣ ಸಾಲುಗಳಿಗೆ ಎರಡು ತಾಸು ಬಿಟ್ಟು ಹೋಗುವುದು. ಆಗ ಬರುವ ವ್ಯತ್ಯಾಸದಲ್ಲಿ ಅರ್ಧ ಗಡಿಯಾರದ್ದು. ಒಂದು ಬ್ಲಾಕಿನ, ಅಂದರೆ ಪ್ರಯೋಗದ ಹೊಲದ ಒಂದು ಪಾಲಿನ, ಎಲ್ಲ ಮಡಿಗಳನ್ನೂ ಒಂದೇ ಸುತ್ತಿನಲ್ಲಿ ಮುಗಿಸಿ ಮುಂದಿನ ಬ್ಲಾಕಿಗೆ ಹೋಗಿ, ಪ್ರತಿ ಮಡಿಯ ಎದುರು ಗಂಟೆ ಬರೆಯಿರಿ.

ಮೂರು ತೂಕ

ಕತ್ತರಿಸಿದ ತುಂಡು ತಕ್ಷಣ ಟ್ಯೂಬಿಗೆ, ಮುಚ್ಚಳ ಬಿಗಿ, ಟ್ಯೂಬು ನೆರಳಿಗೆ. ಐಸ್ ಡಬ್ಬಿ ಇದ್ದರೆ ಒಳ್ಳೆಯದು, ಆದರೆ ಟ್ಯೂಬು ನೇರವಾಗಿ ಐಸಿಗೆ ತಾಗಬಾರದು, ನಡುವೆ ದಪ್ಪ ಬಟ್ಟೆ ಇರಲಿ. ಟ್ಯೂಬಿನ ಒಳಗೋಡೆಯಲ್ಲಿ ಮಂಜು ಕಟ್ಟಿದರೆ ಗಾಬರಿಯಾಗಬೇಡಿ. ಆ ಹನಿ ಎಲೆಯಿಂದಲೇ ಬಂದದ್ದು. ಹಾಗಾಗಿಯೇ ಎಲೆಯನ್ನು ಹೊರಗೆ ತೆಗೆಯದೆ ಟ್ಯೂಬಿನ ಸಮೇತ ತೂಗಿ, ಹಿಂದಿನ ದಿನದ ಖಾಲಿ ಟ್ಯೂಬಿನ ತೂಕವನ್ನು ಕಳೆಯಬೇಕು. ಎಲೆಯನ್ನು ಹೊರತೆಗೆದು ತೂಗಿದರೆ ಗೋಡೆಗೆ ಅಂಟಿದ ನೀರು ಲೆಕ್ಕದಿಂದ ತಪ್ಪಿ ಹೋಗುತ್ತದೆ. ಎರಡು ತಾಸಿನೊಳಗೆ ತೂಗಿ ಮುಗಿಸಿ. ಇದು ಹಸಿ ತೂಕ.

ಆಮೇಲೆ ತುಂಡನ್ನು ಪೆಟ್ರಿ ತಟ್ಟೆಯ ಡಿಸ್ಟಿಲ್ಡ್ ನೀರಿನ ಮೇಲೆ ತೇಲಿಬಿಡಿ, ಮುಚ್ಚಳ ಮುಚ್ಚಿ, ಮಂದ ಬೆಳಕಿನಲ್ಲಿ 4 ತಾಸು ಇಡಿ. ಕೋಣೆ 20-25 ಡಿಗ್ರಿ ಇದ್ದರೆ ಸರಿ. ಮಾರ್ಚ್ ಹೊತ್ತಿಗೆ ಹುಬ್ಬಳ್ಳಿಯ ಕೋಣೆಗಳು ಅದಕ್ಕಿಂತ ಬಹಳ ಬಿಸಿ, ಆಗ ಉಸಿರಾಟದಲ್ಲೇ ಎಲೆ ತನ್ನ ಒಣ ತೂಕವನ್ನು ಕಳೆದುಕೊಳ್ಳುತ್ತದೆ, ಇಡೀ ರಾತ್ರಿ ಬಿಟ್ಟರೆ ಅಂಚು ಕೊಳೆಯುತ್ತದೆ. ರಾತ್ರಿ ಕಳೆಯಲೇಬೇಕಾದರೆ ಫ್ರಿಜ್ಜಿನ ಕೆಳಗಿನ ತಟ್ಟಿನಲ್ಲಿ ಕತ್ತಲಲ್ಲಿ ಇಡಿ, ಆದರೆ ಇಡೀ ಪ್ರಯೋಗಕ್ಕೆ ಒಂದೇ ಕ್ರಮ ಇರಲಿ.

4 ತಾಸು ಎಂಬುದು ಎಲ್ಲ ಬೆಳೆಗೂ ಹೊಂದುವ ಮಂತ್ರವಲ್ಲ. ಹೊಸ ಬೆಳೆ ಅಥವಾ ಹೊಸ ತಳಿ ಹಿಡಿದಾಗ ಒಮ್ಮೆ ಹತ್ತು ತುಂಡು ತೇಲಿಬಿಟ್ಟು 1, 2, 3, 4, 6, 8ನೇ ತಾಸಿಗೆ ತೂಗಿ ಗೆರೆ ಎಳೆಯಿರಿ. ಮೊದಲು ತೂಕ ಸರ್ರನೆ ಏರುತ್ತದೆ, ನಂತರ ಬಾಗಿ ನಿಧಾನವಾಗುತ್ತದೆ. ಮೊದಲ ಏರಿಕೆ ಕೊರತೆ ತುಂಬಿಕೊಂಡದ್ದು, ನಂತರದ ನಿಧಾನ ಏರಿಕೆ ಬೆಳವಣಿಗೆ ಮತ್ತು ಅಂಚಿನಿಂದ ಒಳನುಗ್ಗಿದ ನೀರು. ಗೆರೆ ಬಾಗುವ ಜಾಗವೇ ನಿಮ್ಮ ಸಮಯ. ಅರ್ಧ ದಿನದ ಕೆಲಸ ಇದು, ಇದನ್ನು ಬಿಟ್ಟವರ ಅಂಕಿ ನಂಬಲು ಕಷ್ಟ.

ನೀರಿನಿಂದ ತೆಗೆದು ಒರೆಸುವ ಹಂತದಲ್ಲಿ ಕೈ ಬದಲಾಗಬಾರದು. ಟಿಶ್ಯೂ ಎರಡು ಪದರದ ನಡುವೆ ಇಟ್ಟು ಮೇಲೆ ಕೈಯಾಡಿಸಿದರೆ ಸಾಕು, ಒತ್ತಿದರೆ ಅಂಚಿನಿಂದ ನೀರು ಹೊರಬರುತ್ತದೆ. ನಿಮ್ಮ ಕೈಯನ್ನು ನೀವೇ ಪರೀಕ್ಷಿಸಬಹುದು: ಒಂದೇ ತುಂಡನ್ನು ಮುಳುಗಿಸಿ, ಒರೆಸಿ, ತೂಗಿ, ಹೀಗೆ ಐದು ಸಲ. ಐದೂ ತೂಕ 4-5 ಮಿ.ಗ್ರಾಂ. ಒಳಗೆ ಬರುವವರೆಗೆ ಅಭ್ಯಾಸ ಮಾಡಿ. ಇಬ್ಬರು ಹಂಚಿಕೊಂಡು ಮಾಡುವುದಾದರೆ ಒರೆಸುವ ಕೆಲಸ ಒಬ್ಬರದೇ ಆಗಿರಲಿ. ಇದು ತುಂಬು ತೂಕ.

ಒಣ ತೂಕಕ್ಕೆ ಕಾಗದದ ಪೊಟ್ಟಣದಲ್ಲಿ 70 ಡಿಗ್ರಿಯಲ್ಲಿ 48 ತಾಸು. ಬೇಗ ಆಗಲಿ ಎಂದು ಶಾಖ ಏರಿಸಿದರೆ ಎಲೆ ಕಂದಿ ಸುಟ್ಟು ತೂಕ ಕಳೆದುಕೊಳ್ಳುತ್ತದೆ. ಓವನ್‌ನಿಂದ ತೆಗೆದ ಎಲೆ ಗಾಳಿಯ ತೇವವನ್ನು ಹೀರಲು ನಿಮಿಷಗಳೇ ಸಾಕು, ಧಾರವಾಡದ ಜುಲೈ ಆದರಂತೂ ಹೇಳುವುದೇ ಬೇಡ. ಸಿಲಿಕಾ ಜೆಲ್ ಡಬ್ಬಿಯಲ್ಲಿ ತಣಿಸಿ ಒಂದೊಂದೇ ತೆಗೆದು ತೂಗಿ. ನೀಲಿ ಜೆಲ್ ಗುಲಾಬಿಯಾಗಿದ್ದರೆ ಅದರಲ್ಲಿ ಶಕ್ತಿ ಉಳಿದಿಲ್ಲ, ಓವನ್‌ನಲ್ಲಿ ಒಣಗಿಸಿ ಮತ್ತೆ ನೀಲಿ ಮಾಡಿಕೊಳ್ಳಿ.

ಲೆಕ್ಕ

ಹಸಿ ತೂಕದಿಂದ ಒಣ ತೂಕ ಕಳೆಯಿರಿ. ತುಂಬು ತೂಕದಿಂದ ಒಣ ತೂಕ ಕಳೆಯಿರಿ. ಮೊದಲನೆಯದನ್ನು ಎರಡನೆಯದರಿಂದ ಭಾಗಿಸಿ 100ರಿಂದ ಗುಣಿಸಿ.

ಲೆಕ್ಕ ತೋರಿಸಲು ಹಾಕಿಕೊಂಡ ಒಂದು ಜೊತೆ ಅಂಕಿ: ಹಸಿ 0.412 ಗ್ರಾಂ, ತುಂಬು 0.468, ಒಣ 0.096. ಮೇಲಿನದು 0.316, ಕೆಳಗಿನದು 0.372, ಉತ್ತರ ಶೇ. 84.9. ಇನ್ನೊಂದು ತುಂಡು: ಹಸಿ 0.298, ತುಂಬು 0.462, ಒಣ 0.098. ಉತ್ತರ ಶೇ. 54.9. ಈಗ ಮೊದಲ ತುಂಡನ್ನೇ 0.01 ಗ್ರಾಂ ತಕ್ಕಡಿಯಲ್ಲಿ ತೂಗಿದಿರಿ ಎನ್ನಿ. ಅದು 0.41, 0.47, 0.10 ಎಂದು ತೋರಿಸುತ್ತದೆ. ಒಣ ತೂಕವನ್ನು ಸರಿ ಎಂದೇ ಹಿಡಿದರೂ, 0.41 ಎಂದರೆ 0.405ರಿಂದ 0.415ರವರೆಗೆ ಏನೂ ಇರಬಹುದು, 0.47 ಕೂಡ ಹಾಗೆಯೇ. ಉತ್ತರ ಶೇ. 81ರಿಂದ 86ರವರೆಗೆ ಜಾರಾಡುತ್ತದೆ. ಎರಡು ತಳಿಗಳ ನಡುವೆ ನೀವು ಹುಡುಕುವ ವ್ಯತ್ಯಾಸವೇ ಕೆಲವೊಮ್ಮೆ ಅಷ್ಟಿರುತ್ತದೆ.

ನೀರು ಸಾಕಷ್ಟಿರುವ ಗಿಡದ ಎಲೆ ಸಾಮಾನ್ಯವಾಗಿ ಶೇ. 85ರಿಂದ 95ರ ನಡುವೆ ಇರುತ್ತದೆ. ಬಹಳಷ್ಟು ಬೆಳೆಗಳಲ್ಲಿ ಶೇ. 60-70ಕ್ಕೆ ಇಳಿಯುವಾಗ ಬಾಡುವುದು ಕಣ್ಣಿಗೆ ಕಾಣುತ್ತದೆ. ಉತ್ತರ ನೂರು ದಾಟಿ ಬಂದರೆ ಕಿತ್ತಾಗ ಎಲೆ ಇಬ್ಬನಿಯಲ್ಲಿ ಒದ್ದೆ ಇತ್ತು, ಇಲ್ಲವೇ ಟ್ಯೂಬಿನ ಸಂಖ್ಯೆ ಅದಲುಬದಲಾಗಿದೆ. ನೀರು ಕೊಟ್ಟ ಮಡಿಯಲ್ಲೇ ಶೇ. 70 ಬಂದರೆ ತೂಗಲು ತಡವಾಗಿದೆ, ಅಥವಾ ತುಂಬು ತೂಕಕ್ಕೆ ಹೆಚ್ಚು ಹೊತ್ತು ಬಿಟ್ಟಿದ್ದೀರಿ.

ಅಂಕಿ ಸರಿಯಿದ್ದರೂ ಅರ್ಥ ತಪ್ಪುವ ಕಡೆಗಳು

ನಿಧಾನವಾಗಿ ಒಣಗುವ ಹೊಲದಲ್ಲಿ ಜೋಳ ಸುಮ್ಮನೆ ಕೂರುವುದಿಲ್ಲ. ಕೋಶಗಳೊಳಗೆ ಸಕ್ಕರೆ, ಪ್ರೋಲಿನ್, ಪೊಟ್ಯಾಸಿಯಂ ಮುಂತಾದವನ್ನು ಹೆಚ್ಚಿಸಿಕೊಂಡು ನೀರನ್ನು ಎಳೆದು ಹಿಡಿಯುತ್ತದೆ. ಇಂಥ ಎಲೆಯನ್ನು ಡಿಸ್ಟಿಲ್ಡ್ ನೀರಿನ ಮೇಲೆ ತೇಲಿಬಿಟ್ಟರೆ ಒಳಗಿನ ಸಾಂದ್ರತೆಯ ಬಲಕ್ಕೆ ಅದು ಮಾಮೂಲಿಗಿಂತ ಹೆಚ್ಚು ಕುಡಿಯುತ್ತದೆ. ತುಂಬು ತೂಕ ಉಬ್ಬುತ್ತದೆ, ಸಾಪೇಕ್ಷ ಜಲಾಂಶ ನಿಜಕ್ಕಿಂತ ಕಡಿಮೆ ಬರುತ್ತದೆ. ಅಂದರೆ ಬರವನ್ನು ಚೆನ್ನಾಗಿ ಎದುರಿಸಿದ ತಳಿಯೇ ಕಾಗದದ ಮೇಲೆ ಸೋತಂತೆ ಕಾಣಬಹುದು. ಗೋಧಿ ಮತ್ತು ಬಾರ್ಲಿಯಲ್ಲಿ ಬೋಯರ್ ಮತ್ತು ಸಂಗಡಿಗರು 2008ರಲ್ಲಿ ಇದನ್ನು ತೋರಿಸಿಕೊಟ್ಟರು. ಪತ್ತೆ ಹಚ್ಚುವ ದಾರಿ: ಸಮಾನ ವಿಸ್ತೀರ್ಣದ ತುಂಡುಗಳನ್ನು ನೀರು ಕೊಟ್ಟ ಮತ್ತು ಕೊಡದ ಎರಡೂ ಮಡಿಗಳಿಂದ ತೆಗೆದು, ತುಂಬು ತೂಕವನ್ನು ಒಣ ತೂಕದಿಂದ ಭಾಗಿಸಿ ನೋಡಿ. ಒಂದೇ ತಳಿಯಲ್ಲಿ ಈ ಅನುಪಾತ ಎರಡು ಮಡಿಗಳ ನಡುವೆ ಬಹಳ ಬದಲಾದರೆ ಆರ್‌ಡಬ್ಲ್ಯೂಸಿಯನ್ನು ಒಂಟಿಯಾಗಿ ನಂಬಬೇಡಿ.

ಎರಡನೆಯದು ಹೂಬಿಡುವ ಕಾಲ. ಎಲೆ ಹಸಿರಾಗಿ ಉಳಿಯುವ ಜೋಳದ ಗುಣ ಸ್ಟೇ-ಗ್ರೀನ್ ಎಂದು ಹೆಸರಾಗಿದೆ. ಅದರ ವರ್ಣತಂತು ಭಾಗಗಳಾದ ಎಸ್‌ಟಿಜಿ 1ರಿಂದ 4 ಬಂದದ್ದು ಬಿಟಿಎಕ್ಸ್642 ಎಂಬ ಮೂಲದಿಂದ. ಆಸ್ಟ್ರೇಲಿಯಾದಲ್ಲಿ ಆ್ಯಂಡ್ರ್ಯೂ ಬೊರೆಲ್ ತಂಡ 2014ರಲ್ಲಿ ಪ್ರಕಟಿಸಿದ ಕೆಲಸದ ಪ್ರಕಾರ, ಈ ಭಾಗಗಳಿರುವ ಗಿಡಗಳು ಮೊದಲೇ ಮರಿತೆಂಡೆ ಕಡಿಮೆ ಮಾಡಿಕೊಂಡು, ಎಲೆಯ ಹರವು ಕುಗ್ಗಿಸಿಕೊಂಡು, ಹೂವಿಗೆ ಮುನ್ನ ನೀರು ಉಳಿಸುತ್ತವೆ. ಆ ಉಳಿತಾಯವೇ ಕಾಳು ಕಟ್ಟುವಾಗ ಕೈಗೆ ಬರುತ್ತದೆ. ಎರಿ ಹೊಲಕ್ಕೆ ಇದು ತಕ್ಕ ಮಾತು. ಹಿಂಗಾರಿ ಬೆಳೆ ಮಣ್ಣಿನಲ್ಲಿ ಕೂಡಿಟ್ಟ ನೀರಿನ ಮೇಲೇ ಬದುಕುವುದು. ಹಾಗಾಗಿ ಒಂದು ತಳಿಯ ಎಲೆಯಲ್ಲಿ ನೀರು ಹೆಚ್ಚಿದ್ದರೆ ಅದು ತಡೆದುಕೊಂಡಿತೋ, ಮೊದಲೇ ಉಳಿಸಿಟ್ಟಿತ್ತೋ, ಇಲ್ಲ ತಡವಾಗಿ ಹೂಬಿಟ್ಟು ಇನ್ನೂ ಎಳೆಯದಾಗಿತ್ತೋ ಎಂದು ಬಿಡಿಸಬೇಕು. ಹೂಬಿಟ್ಟ ದಿನ, ಮರಿತೆಂಡೆಗಳ ಸಂಖ್ಯೆ ಎರಡನ್ನೂ ದಾಖಲಿಸದೆ ಮಾಲದಂಡಿ ಎಂಬ ಹಿಂಗಾರಿ ಜೋಳದ ತಳಿಯನ್ನು ಬೇರೆ ತಳಿಗೆ ಹೋಲಿಸಬಾರದು.

ಮೂರನೆಯದು ರೋಗ. ಬಾಡಿದ ಕಡಲೆ ಗಿಡ ಬರಕ್ಕೇ ಬಾಡಿದೆ ಎಂದುಕೊಂಡು ಎಲೆ ಕೀಳುವ ಮುನ್ನ ಒಂದೆರಡು ಗಿಡ ಕಿತ್ತು ಬುಡವನ್ನು ಉದ್ದಕ್ಕೆ ಸೀಳಿ ನೋಡಿ. ಒಳಗೆ ಕಂದು-ಕಪ್ಪು ಗೆರೆ ಇದ್ದರೆ ಅದು ಫ್ಯುಸೇರಿಯಂ ಸೊರಗು ರೋಗ. ನೀರು ಸಾಗಿಸುವ ನಾಳಗಳೇ ಕಟ್ಟಿಹೋಗಿವೆ. ಹಳೆಯ ಕಡಲೆ ತಳಿ ಅಣ್ಣಿಗೇರಿ-1ಕ್ಕೆ ಇದರ ಕಾಟ ಇತ್ತು. ಡಬ್ಲ್ಯೂಆರ್-315 ಎಂಬ ಮೂಲದಿಂದ ರೋಗ ನಿರೋಧಕತೆಯನ್ನು ಡಿಎನ್‌ಎ ಗುರುತುಗಳ ಸಹಾಯದಿಂದ ಅಣ್ಣಿಗೇರಿ-1ಕ್ಕೆ ಸೇರಿಸಿ, ರಾಯಚೂರು ಕೃಷಿ ವಿಶ್ವವಿದ್ಯಾಲಯ ಮತ್ತು ಹೈದರಾಬಾದ್ ಬಳಿಯ ಅಂತರರಾಷ್ಟ್ರೀಯ ಬೆಳೆ ಸಂಶೋಧನಾ ಸಂಸ್ಥೆ ಇಕ್ರಿಸ್ಯಾಟ್ ಕೂಡಿ ರೂಪಿಸಿದ್ದೇ ಸೂಪರ್ ಅಣ್ಣಿಗೇರಿ-1. ಈ ಎರಡನ್ನು ಬರಕ್ಕಾಗಿ ಹೋಲಿಸುವವರು ರೋಗವಿಲ್ಲದ ಮಣ್ಣಿನಲ್ಲೇ ಹೋಲಿಸಬೇಕು, ಇಲ್ಲದಿದ್ದರೆ ಅಳೆಯುತ್ತಿರುವುದು ಶಿಲೀಂಧ್ರವನ್ನೇ. ಜೋಳದಲ್ಲಿ ಕಾಳು ಕಟ್ಟುವಾಗ ಬರುವ ಇದ್ದಿಲು ಕೊಳೆಗೂ ಇದೇ ಎಚ್ಚರಿಕೆ.

ಎಲೆಯ ಬಾಯಿ ನೋಡುವುದು

ಪತ್ರರಂಧ್ರಗಳ ಎಣಿಕೆಗೆ ಪಾರದರ್ಶಕ ನೇಲ್ ಪಾಲಿಶ್ ಸಾಕು. ಎಲೆಯ ನಡುಭಾಗಕ್ಕೆ ತೆಳುವಾಗಿ ಬಳಿದು, ಹತ್ತು ನಿಮಿಷ ಒಣಗಿಸಿ, ಪಾರದರ್ಶಕ ಟೇಪು ಅಂಟಿಸಿ ಎಬ್ಬಿಸಿ ಗಾಜಿನ ಮೇಲೆ ಅಂಟಿಸಿ. ಜೋಳದಲ್ಲಿ ಎರಡೂ ಮೈಯಲ್ಲಿ ರಂಧ್ರಗಳಿರುತ್ತವೆ, ಎರಡನ್ನೂ ತೆಗೆಯಿರಿ. ರಂಧ್ರವನ್ನು ತೆರೆದು ಮುಚ್ಚುವ ಕಾವಲು ಕೋಶಗಳು ಡಂಬೆಲ್ ಆಕಾರದಲ್ಲಿ ನರದುದ್ದಕ್ಕೂ ಸಾಲಾಗಿ ಕಾಣುತ್ತವೆ. 40 ಪಟ್ಟಿನ ಆಬ್ಜೆಕ್ಟಿವ್, ಕ್ಷೇತ್ರ ಸಂಖ್ಯೆ 18 ಇರುವ ಐಪೀಸ್ ಆದರೆ ಕಾಣುವ ವೃತ್ತದ ವ್ಯಾಸ 0.45 ಮಿ.ಮೀ., ವಿಸ್ತೀರ್ಣ 0.159 ಚದರ ಮಿ.ಮೀ. ಅದರೊಳಗೆ 12 ರಂಧ್ರ ಎಣಿಸಿದರೆ ಚದರ ಮಿ.ಮೀ.ಗೆ ಸುಮಾರು 75. ಈ ಅಚ್ಚಿನಿಂದ ಸಂಖ್ಯೆ ನಂಬಬಹುದು, ಬಾಯಿ ಎಷ್ಟು ತೆರೆದಿತ್ತು ಎಂಬುದನ್ನು ನಂಬಬೇಡಿ. ಪಾಲಿಶ್‌ನ ದ್ರಾವಕ ತಗಲಿದಾಗ ಕೋಶಗಳ ಸ್ಥಿತಿಯೇ ಬದಲಾಗುತ್ತದೆ. ಕಡಲೆಯ ರೋಮ ಮತ್ತು ಹುಳಿಯಿಂದಾಗಿ ಅಚ್ಚು ಸರಿಯಾಗಿ ಏಳುವುದಿಲ್ಲ.

ಅದೇ ಎಲೆಯಿಂದ ಆರ್‌ಎನ್‌ಎ

ಬೇರಿನ ಸುತ್ತ ಮಣ್ಣು ಒಣಗಿದ ಸುದ್ದಿ ಎಲೆಗೆ ತಲುಪುವ ಒಂದು ದಾರಿಯನ್ನು 2018ರಲ್ಲಿ ಜಪಾನಿನ ವಿಜ್ಞಾನಿಗಳು ಲ್ಯಾಬಿನ ಪ್ರಯೋಗಗಳಿಗೆ ಬೆಳೆಸುವ ಅರಾಬಿಡಾಪ್ಸಿಸ್ ಎಂಬ ಪುಟ್ಟ ಗಿಡದಲ್ಲಿ ಕಂಡುಕೊಂಡರು. ಸಿಎಲ್‌ಇ25 ಎಂಬ ಪುಟ್ಟ ಪೆಪ್ಟೈಡ್ ಬೇರಿನಿಂದ ಮೇಲೇರಿ ಎಲೆಯಲ್ಲಿ ಎನ್‌ಸಿಇಡಿ3 ಜೀನನ್ನು ಎಬ್ಬಿಸುತ್ತದೆ, ಅದರಿಂದ ಅಬ್ಸಿಸಿಕ್ ಆಮ್ಲ ಎಂಬ ಹಾರ್ಮೋನು ತಯಾರಾಗುತ್ತದೆ. ಆ ಆಮ್ಲವನ್ನು ಹಿಡಿಯುವ ಪಿವೈಆರ್/ಪಿವೈಎಲ್ ಗ್ರಾಹಕಗಳು ಪತ್ತೆಯಾದದ್ದು 2009ರಲ್ಲಿ. ಗ್ರಾಹಕಕ್ಕೆ ಆಮ್ಲ ಕೂತಾಗ ಅದು ಪಿಪಿ2ಸಿ ಎಂಬ ಕಿಣ್ವವನ್ನು ಕಟ್ಟಿಹಾಕುತ್ತದೆ. ಅಲ್ಲಿಯವರೆಗೆ ಪಿಪಿ2ಸಿ ಅದುಮಿಟ್ಟಿದ್ದ ಎಸ್‌ಎನ್‌ಆರ್‌ಕೆ2 ಕಿಣ್ವ ಬಿಡುಗಡೆಯಾಗಿ ಕಾವಲು ಕೋಶದ ಅಯಾನು ದಾರಿಗಳನ್ನು ತೆರೆಯುತ್ತದೆ. ಅಯಾನು ಹೊರಗೆ, ಹಿಂದೆಯೇ ನೀರು ಹೊರಗೆ, ರಂಧ್ರ ಮುಚ್ಚುತ್ತದೆ.

ಈ ಸರಪಳಿಯಿಂದ ಕಲಿಯಬೇಕಾದ ಪ್ರಾಯೋಗಿಕ ಪಾಠ ಒಂದೇ: ಕತ್ತರಿಸಿದ ಎಲೆಗೆ ಕತ್ತರಿಸುವುದೂ ಬರವೇ. ಟ್ಯೂಬಿನಲ್ಲಿಟ್ಟುಕೊಂಡು ಧಾರವಾಡಕ್ಕೆ ಬಸ್ಸಿನಲ್ಲಿ ತಂದು ಆಮೇಲೆ ಆರ್‌ಎನ್‌ಎ ತೆಗೆದರೆ ನೀರು ಕೊಟ್ಟ ಗಿಡದ ಎಲೆಯಲ್ಲೂ ಬರದ ಜೀನ್‌ಗಳು ಎದ್ದು ಕೂತಿರುತ್ತವೆ. ಹಾಗಾಗಿ ಇಬ್ಬರು ಬೇಕು. ಒಬ್ಬರು ಕತ್ತರಿಸಿ ನಡುನರದಿಂದ ಎರಡೂ ಪಕ್ಕ ಬಿಡಿಸಿದ ಕ್ಷಣ, ಒಂದು ಪಕ್ಕವನ್ನು ಇನ್ನೊಬ್ಬರು ಅಲ್ಯೂಮಿನಿಯಂ ಫಾಯಿಲ್‌ನಲ್ಲಿ ಮಡಿಸಿ ದ್ರವ ಸಾರಜನಕಕ್ಕೆ ಹಾಕಬೇಕು, ಅರ್ಧ ನಿಮಿಷದೊಳಗೆ. ಎದುರು ಪಕ್ಕ ಅಷ್ಟರಲ್ಲೇ ತೂಕದ ಟ್ಯೂಬಿಗೆ. ಒಂದೇ ಎಲೆಯ ಒಂದೇ ಕ್ಷಣದ ನೀರು ಮತ್ತು ಆರ್‌ಎನ್‌ಎ ಎರಡೂ ನಿಮ್ಮ ಕೈಯಲ್ಲಿರುತ್ತವೆ. "ಹತ್ತನೇ ದಿನ" ಎನ್ನುವ ಬದಲು "ಶೇ. 68 ನೀರಿದ್ದಾಗ" ಎಂದು ಬರೆಯಬಹುದು, ಆ ಮಾತನ್ನು ಬೇರೆ ಊರಿನವರು ತಮ್ಮ ಹೊಲದಲ್ಲೂ ಪರೀಕ್ಷಿಸಬಹುದು.

ದ್ರವ ಸಾರಜನಕ ಮೈನಸ್ 196 ಡಿಗ್ರಿ. ಹಳ್ಳಿಯಲ್ಲಿ ದನಗಳ ಕೃತಕ ಗರ್ಭಧಾರಣೆಗೆ ತರುವ ಕ್ಯಾನ್‌ನಂಥದ್ದೇ ಸಾಕು, ಅದರ ಸಡಿಲ ಮುಚ್ಚಳವನ್ನು ಎಂದೂ ಬಿಗಿಯಬೇಡಿ. ಆವಿಗೆ ದಾರಿಯಿಲ್ಲದಿದ್ದರೆ ಸಿಡಿಯುತ್ತದೆ. ಕಾರಿನಲ್ಲಿ ಒಯ್ಯುವಾಗ ಕಿಟಕಿ ತೆರೆದಿರಲಿ, ಕೈಗೆ ದಪ್ಪ ಸಡಿಲ ಗವಸು, ಕಣ್ಣಿಗೆ ಕನ್ನಡಕ. ಮುಚ್ಚಿದ ಟ್ಯೂಬನ್ನು ನೇರವಾಗಿ ಮುಳುಗಿಸಿದರೆ ಮೇಲೆ ತೆಗೆದಾಗ ಒಡೆಯಬಹುದು, ಅದಕ್ಕೇ ಫಾಯಿಲ್ ಪೊಟ್ಟಣ. ಮಾರ್ಕರ್ ಶಾಯಿ ಅಲ್ಲಿ ನಿಲ್ಲುವುದಿಲ್ಲ. ಪೆನ್ಸಿಲ್‌ನಲ್ಲಿ ಬರೆದ ಚೀಟಿಯನ್ನು ಪೊಟ್ಟಣದ ಒಳಮಡಿಕೆಯಲ್ಲೇ ಸೇರಿಸಿ. ಸಾರಜನಕ ಸಿಗದಿದ್ದರೆ ಆರ್‌ಎನ್‌ಎ ಉಳಿಸುವ ದ್ರಾವಣಗಳಿವೆ, ಆದರೆ ಜೋಳದ ಎಲೆಯ ಮೇಣದ ಹೊದಿಕೆ ದಾಟಿ ಅವು ಒಳಗಿಳಿಯುವುದು ನಿಧಾನ, ಅರ್ಧ ಸೆಂ.ಮೀ.ಗಿಂತ ಕಿರಿದಾಗಿ ಹೆಚ್ಚಿ ಹಾಕಬೇಕು. ಡಿಎನ್‌ಎ ಮಾತ್ರ ಬೇಕಿದ್ದರೆ ಇಷ್ಟೆಲ್ಲ ಬೇಡ, ಸಿಲಿಕಾ ಜೆಲ್‌ನಲ್ಲಿ ಒಣಗಿಸಿದ ಎಲೆ ಸಾಕು.

ಲ್ಯಾಬಿನಲ್ಲಿ 100 ಮಿ.ಗ್ರಾಂ. ಪುಡಿಗೆ, ಆರ್‌ಎನ್‌ಎ ಬಿಡಿಸುವ ಟ್ರೈಜಾಲ್ ದ್ರಾವಣ 1 ಮಿ.ಲೀ. ಪುಡಿ ಕರಗಲು ಬಿಡದೆ ಹಾಕಿ. ಅರೆಯುವಾಗ ಒರಳಿನಲ್ಲಿ ಸಾರಜನಕ ಆರಿ ಪುಡಿ ಕಪ್ಪಾಗಿ ಅಂಟಾದರೆ ಆ ಮಾದರಿ ಮುಗಿದಂತೆ. ಶುದ್ಧತೆ ತಿಳಿಯಲು 260 ಮತ್ತು 280 ನ್ಯಾನೋಮೀಟರ್ ಬೆಳಕನ್ನು ಮಾದರಿ ಎಷ್ಟು ಹೀರುತ್ತದೆ ಎಂದು ನೋಡಿ, ಆ 260/280 ಅನುಪಾತ 2ರ ಹತ್ತಿರ ಇರಬೇಕು. 260/230 ಬಹಳ ಕೆಳಗಿದ್ದರೆ ಪಿಷ್ಟ, ಫೀನಾಲ್ ಅಥವಾ ಗ್ವಾನಿಡಿನ್ ಉಳಿದಿದೆ, ಮತ್ತೊಮ್ಮೆ ಶೇ. 75 ಇಥೆನಾಲ್‌ನಲ್ಲಿ ತೊಳೆಯಿರಿ. ಬೆರೆತ ಡಿಎನ್‌ಎಯನ್ನು ಅಳಿಸುವ ಡಿಎನ್‌ಏಸ್ ಕಿಣ್ವದ ಹಂತ ಬಿಡಬೇಡಿ. ಜೀನ್ ಎಷ್ಟು ಎದ್ದಿದೆ ಎಂದು ಅಳೆಯುವ ಕ್ಯುಪಿಸಿಆರ್‌ನಲ್ಲಿ ಲಿವಾಕ್ ಮತ್ತು ಶ್ಮಿಟ್ಜನ್ 2001ರ ಲೆಕ್ಕ ಬಳಸುವವರು ಅದರ ಷರತ್ತನ್ನೂ ಓದಬೇಕು: ಹೋಲಿಕೆಯ ಜೀನ್ ಬರದಲ್ಲಿ ಏರಿಳಿಯಬಾರದು. ಆ್ಯಕ್ಟಿನ್ ಸ್ಥಿರ ಎಂದು ಊಹಿಸಬೇಡಿ, ನಿಮ್ಮ ಮಾದರಿಗಳಲ್ಲೇ ಪರೀಕ್ಷಿಸಿದ ಎರಡು ಜೀನ್‌ಗಳಾದರೂ ಇರಲಿ. ಒಂದೇ ಗಿಡದ ಮೂರು ಟ್ಯೂಬು ಮೂರು ಪುನರಾವರ್ತನೆಯಲ್ಲ; ಮೂರು ಬೇರೆ ಮಡಿಗಳ ಗಿಡ ಬೇಕು.

ಮಣ್ಣನ್ನೂ ಅದೇ ದಿನ ತೆಗೆದಿಡಿ: 0-15, 15-30, 30-60, 60-90 ಸೆಂ.ಮೀ. ಆಳದಿಂದ, 105 ಡಿಗ್ರಿಯಲ್ಲಿ 24 ತಾಸು ಒಣಗಿಸಿ. ಎರಿ ಹೊಲದ ಬಿರುಕಿನ ಬಾಯಲ್ಲೇ ಮಣ್ಣು ಕೊರೆದು ತೆಗೆಯುವ ಆಗರ್ ಇಳಿಸಬೇಡಿ, ಬಿರುಕಿನ ಗೋಡೆ ಆಳದವರೆಗೂ ಒಣಗಿರುತ್ತದೆ.

ಇನ್ನು ತೂಗಿದ ಮೇಲಿನ ಒಣ ಎಲೆ. ಕಡಲೆ, ಹತ್ತಿ, ಮೆಣಸಿನಕಾಯಿ ಆದರೆ ಪೊಟ್ಟಣ ಎಸೆಯದೆ ಸಿಲಿಕಾ ಜೆಲ್ ಜೊತೆ ಇಟ್ಟುಕೊಳ್ಳಿ. ಇವು ದ್ಯುತಿಸಂಶ್ಲೇಷಣೆಯ ಕ್ರಮದಲ್ಲಿ ಸಿ3 ಎಂಬ ಗುಂಪಿನವು. ಸಿ3 ಗಿಡಗಳ ಒಣ ಎಲೆಯಲ್ಲಿ ಕಾರ್ಬನ್-13ರ ಪ್ರಮಾಣ ಅಳೆದರೆ, ಆ ಎಲೆ ಬೆಳೆದ ಇಡೀ ಅವಧಿಯಲ್ಲಿ ಗಿಡ ನೀರನ್ನು ಎಷ್ಟು ಹಿಡಿತದಿಂದ ಬಳಸಿತು ಎಂಬ ಸುಳಿವು ಸಿಗುತ್ತದೆ. ಜೋಳ ಸಿ4 ಎಂಬ ಬೇರೆ ಗುಂಪಿನದು, ಅದರಲ್ಲಿ ಈ ಅಳತೆಯ ಸುಳಿವು ಬಹಳ ಮಸುಕು. ಪೊಟ್ಟಣದ ಮೇಲೆ ಮಡಿ, ತಳಿ, ಎಲೆಯ ಸ್ಥಾನ, ತಾರೀಖು, ಕಿತ್ತ ಗಂಟೆ ಬರೆದಿರಲಿ.